ಎರೆ ಹೊಲದ ಹತ್ತಿಗೆ ಕುಮಟಾದ ಹೆಸರು

ಮುಂಬಯಿಯ ಹತ್ತಿ ಪೇಟೆಯಲ್ಲಿ ಧಾರವಾಡ ಸೀಮೆಯ ಜವಾರಿ ಹತ್ತಿಗೆ ಬಹುಕಾಲ ‘ಕುಮಟಾ’ ಎಂಬ ಹೆಸರೇ ಚಾಲ್ತಿಯಲ್ಲಿತ್ತು. ಕುಮಟಾದಲ್ಲಿ ಹತ್ತಿ ಬೆಳೆಯುವುದಿಲ್ಲ. ಅಲ್ಲಿನ ಜಂಬಿಟ್ಟಿಗೆ ಮಣ್ಣಾಗಲಿ, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಸುರಿಯುವ ಮಳೆಯಾಗಲಿ ಆ ಬೆಳೆಗೆ ಒಗ್ಗುವಂಥವಲ್ಲ. ಹತ್ತಿ ಬೆಳೆಯುತ್ತಿದ್ದುದು ರೋಣ, ನರಗುಂದ, ನವಲಗುಂದ, ಗದಗ, ಗಜೇಂದ್ರಗಡದ ಕಡೆಯ ಎರೆ ಹೊಲಗಳಲ್ಲಿ. ಅದು ಹಡಗು ಹತ್ತುತ್ತಿದ್ದ ದಂಡೆ ಮಾತ್ರ ಕುಮಟಾದ್ದು. ಬೆಳೆದ ಊರಿನ ಹೆಸರು ಅಳಿದು ಸಾಗಿಸಿದ ಊರಿನ ಹೆಸರು ಉಳಿಯುವುದು ವ್ಯಾಪಾರದ ಲೋಕದಲ್ಲಿ ಹೊಸತೇನಲ್ಲ. ಯೆಮನ್ ದೇಶದ ಬೆಟ್ಟಗಳಲ್ಲಿ ಬೆಳೆದ ಕಾಫಿಗೆ ಮೋಕಾ ಎಂಬ ಬಂದರಿನ ಹೆಸರು ಬಂದದ್ದೂ ಹೀಗೆಯೇ. ಆದರೆ ಮೋಕಾದ ಕಥೆಯನ್ನು ಕಾಫಿ ಕುಡಿಯುವವರಲ್ಲಿ ಕೆಲವರಾದರೂ ಬಲ್ಲರು. ಕುಮಟಾದ ಕಥೆ ರೋಣದಲ್ಲಿಯೂ ಮರೆತುಹೋಗಿದೆ, ಕುಮಟಾದಲ್ಲಿಯೂ ಮರೆತುಹೋಗಿದೆ.

ಈ ಬೇಸಿಗೆಯ ರಜೆಯಲ್ಲಿ ಬೆಂಗಳೂರಿನಿಂದ ಮಗ, ಸೊಸೆ ಮತ್ತು ಇಬ್ಬರು ಮೊಮ್ಮಕ್ಕಳು ಊರಿಗೆ ಬಂದಾಗ, ಒಂದು ದಿನದ ಮಟ್ಟಿಗಾದರೂ ಸಮುದ್ರ ನೋಡಿ ಬರಬೇಕೆಂಬ ಬೇಡಿಕೆ ಮನೆಯಲ್ಲಿ ಎದ್ದಿತು. ಮಕ್ಕಳ ಮನಸ್ಸಿನಲ್ಲಿ ಇದ್ದುದು ಗೋವಾ. ನನ್ನ ಮಡದಿಯ ಮನಸ್ಸಿನಲ್ಲಿ ಮುರ್ಡೇಶ್ವರ. ನಾನು ಕುಮಟಾ ಎಂದು ಹಟ ಹಿಡಿದೆ. ನಿವೃತ್ತನಾದ ಮೇಲೆ ಮನೆಯಲ್ಲಿ ನನ್ನ ಆದೇಶಗಳು ಜಾರಿಗೆ ಬರುವುದು ಅಪರೂಪವಾದರೂ ಈ ಒಂದು ಆದೇಶ ಹೇಗೋ ಜಾರಿಯಾಯಿತು. ಹಟಕ್ಕೆ ಕಾರಣವಿತ್ತು. ನಮ್ಮ ಮುತ್ತಜ್ಜನ ತಂದೆ ರೋಣ ತಾಲ್ಲೂಕಿನ ನಮ್ಮ ಹಳ್ಳಿಯಿಂದ ಕುಮಟಾಕ್ಕೆ ಹತ್ತಿ ಹೇರಿಕೊಂಡು ಹೋಗುತ್ತಿದ್ದರೆಂಬ ಮಾತು ನಮ್ಮ ಮನೆತನದಲ್ಲಿದೆ. ಅದಕ್ಕೆ ಕಾಗದದ ಆಧಾರವಿಲ್ಲ. ಅಜ್ಜಿಯ ಬಾಯಿಂದ ಕೇಳಿದ್ದು, ಅಷ್ಟೆ. ಕಂದಾಯ ಇಲಾಖೆಯಲ್ಲಿ ಮೂರು ದಶಕ ಕಳೆದವನಿಗೆ ದಾಖಲೆಯಿಲ್ಲದ ಮಾತನ್ನು ನಂಬುವುದು ಕಷ್ಟ. ಆದರೂ ಈ ಮಾತನ್ನು ನಂಬಲು ನನಗೆ ಮೊದಲಿನಿಂದಲೂ ಇಷ್ಟ.

ಹಿಂದಿನ ದಿನವೇ ರೋಣದಿಂದ ಹೊರಟು ಗದಗ, ಹುಬ್ಬಳ್ಳಿ, ಮುಂಡಗೋಡ ಮಾರ್ಗವಾಗಿ ಶಿರಸಿಗೆ ತಲುಪಿ ಅಲ್ಲಿ ತಂಗಿದೆವು. ಬೆಳಗಿನ ಜಾವ ದೇವಿಮನೆ ಘಟ್ಟ ಇಳಿಯತೊಡಗಿದೆವು. ರೈಲಿಗೂ ಮೊದಲಿನ ಕಾಲದಲ್ಲಿ ಹತ್ತಿಯ ಗಾಡಿಗಳು ಕುಮಟಾಕ್ಕೆ ಇಳಿಯುತ್ತಿದ್ದುದು ಈ ಘಟ್ಟದಲ್ಲಿಯೇ. ನಾನು ಮೊಮ್ಮಗಳಿಗೆ ಒಂದು ಲೆಕ್ಕ ಕೊಟ್ಟೆ. ರೋಣದಿಂದ ಕುಮಟಾಕ್ಕೆ ಸುಮಾರು 250 ಕಿಲೋಮೀಟರ್; ಹೇರು ತುಂಬಿದ ಎತ್ತಿನ ಗಾಡಿ ದಿನಕ್ಕೆ 20ರಿಂದ 25 ಕಿಲೋಮೀಟರ್ ನಡೆಯುತ್ತದೆ; ಹೋಗಿ ಬರಲು ಎಷ್ಟು ದಿನ? ಮಗು ಬೆರಳೆಣಿಸಿ, ಹೋಗಲು ಹತ್ತು ಹನ್ನೆರಡು ದಿನ, ಬರಲು ಅಷ್ಟೇ ಎಂದಳು. ಸರಿ. ಆದರೆ ಲೆಕ್ಕದ ಪುಸ್ತಕದಲ್ಲಿ ಇಲ್ಲದ ಸಂಗತಿಗಳು ಇವೆ. ಘಟ್ಟದ ಇಳಿಜಾರಿನಲ್ಲಿ ಗಾಡಿಯ ಹಿಂದೆ ಹಗ್ಗ ಹಿಡಿದು ಜಗ್ಗುತ್ತ ಇಳಿಯಬೇಕು. ಎತ್ತಿಗೆ ಕಾಲುಬೇನೆ ಬಂದರೆ ಕಾಯಬೇಕು. ಮಲೆನಾಡಿನ ಚಳಿಜ್ವರ ಮನುಷ್ಯನನ್ನೂ ಬಿಡುತ್ತಿರಲಿಲ್ಲ. ಗಾಡಿಯ ರಸ್ತೆಗಳು ಆಗುವ ಮೊದಲು ಈ ಸಾಗಾಟವೆಲ್ಲ ಲಂಬಾಣಿಗರ ಹೇರೆತ್ತುಗಳ ಬೆನ್ನ ಮೇಲೆ ನಡೆಯುತ್ತಿತ್ತು: ಕೆಳಗಿಳಿಯುವಾಗ ಹತ್ತಿ, ಧಾನ್ಯ, ಮೇಲೇರುವಾಗ ಉಪ್ಪು. ಇಂದು ಗಜೇಂದ್ರಗಡ, ರೋಣದ ಸುತ್ತಿನ ತಾಂಡಾಗಳಿಂದ ಗುಳೆ ಹೋಗುವ ಜನರ ಹಿರಿಯರು ಒಂದು ಕಾಲಕ್ಕೆ ದಖ್ಖನ್ನಿನ ಇಡೀ ಸಾಗಣೆ ವ್ಯವಸ್ಥೆಯನ್ನು ನಡೆಸುತ್ತಿದ್ದರೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಇನ್ನಾದರೂ ಒಂದು ಸಾಲಿನಲ್ಲಿ ಹೇಳಬಹುದು.

ಕುಮಟಾ ಪೇಟೆಯನ್ನು ದಾಟಿ ಹೆಡ್ ಬಂದರಿಗೆ ಹೋದೆವು. ‘ಬಂದರು’ ಎಂಬ ಶಬ್ದ ಕೇಳಿ ಮೊಮ್ಮಗ ದೊಡ್ಡ ಹಡಗುಗಳನ್ನೂ ಕ್ರೇನುಗಳನ್ನೂ ನಿರೀಕ್ಷಿಸಿದ್ದ. ಅಲ್ಲಿ ಇದ್ದುದು ಒಂದು ಚಿಕ್ಕ ಹೊಳೆಯ ಅಳಿವೆ, ದಡಕ್ಕೆ ಎಳೆದಿಟ್ಟ ಕೆಲವು ಮೀನುಗಾರಿಕೆ ದೋಣಿಗಳು, ಒಣಗಲು ಹರವಿದ ಬಲೆಗಳು, ಗುಡ್ಡದ ಮೇಲೊಂದು ದೀಪಸ್ತಂಭ, ಅದರಾಚೆ ತೆರೆದ ಕಡಲು. ಅವನ ಮುಖ ಬಾಡಿತು. ನನಗೆ ಮಾತ್ರ ಆ ದೃಶ್ಯ ಬಹಳ ಸ್ವಾರಸ್ಯಕರವೆನಿಸಿತು. ಕುಮಟಾಕ್ಕೆ ಹೇಳಿಕೊಳ್ಳುವಂಥ ಸಹಜ ಬಂದರು ಎಂದೂ ಇರಲಿಲ್ಲ. ಹಡಗುಗಳು ದೂರದ ಕಡಲಿನಲ್ಲಿ ಲಂಗರು ಹಾಕುತ್ತಿದ್ದವು. ಚಿಕ್ಕ ದೋಣಿಗಳು ಸರಕನ್ನು ಹೊತ್ತು ಅವುಗಳ ಪಕ್ಕಕ್ಕೆ ಹೋಗುತ್ತಿದ್ದವು. ಕಾರವಾರಕ್ಕೆ ಕುಮಟಾಕ್ಕಿಂತ ನೂರು ಪಾಲು ಉತ್ತಮವಾದ ಕೊಲ್ಲಿಯಿದೆ. ಹಾಗಿದ್ದೂ ಹತ್ತಿಯ ಪೇಟೆ ಇಲ್ಲಿ ನಿಂತಿತು. ಏಕೆಂದರೆ ಎತ್ತುಗಳಿಗೆ ಸಾಧ್ಯವಾದ ಘಟ್ಟದ ದಾರಿ ಇಲ್ಲಿಗೆ ಇಳಿಯುತ್ತಿತ್ತು, ಕೊಳ್ಳುವ ಸಾಹುಕಾರರು ಇಲ್ಲಿದ್ದರು. ಬಂದರನ್ನು ನಿರ್ಧರಿಸುವುದು ನೀರಿನ ಆಳಕ್ಕಿಂತ ಹೆಚ್ಚಾಗಿ ಅದರ ಬೆನ್ನ ಹಿಂದಿನ ದಾರಿ ಎಂದು ಧಾರವಾಡದ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದುವಾಗ ನಮ್ಮ ಗುರುಗಳು ಹೇಳುತ್ತಿದ್ದರು. ಆಗ ಅದನ್ನು ಪರೀಕ್ಷೆಗಾಗಿ ಬರೆದುಕೊಂಡಿದ್ದೆ.

ಈ ಸಣ್ಣ ದಂಡೆಗೆ ಜಗತ್ತಿನ ಗಮನ ತಿರುಗಿದ್ದು 1861ರಲ್ಲಿ. ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಯಿತು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿತು. ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿ ನಿಂತುಹೋಯಿತು. ಮ್ಯಾಂಚೆಸ್ಟರಿನವರ ಕಣ್ಣು ಧಾರವಾಡದ ಮೇಲೆ ಬಿದ್ದುದು ಆಕಸ್ಮಿಕವಲ್ಲ. ಇಲ್ಲಿ 1840ರ ದಶಕದಲ್ಲಿಯೇ ಕಲೆಕ್ಟರ್ ಷಾ ಅವರ ಉತ್ಸಾಹದಿಂದ ಅಮೆರಿಕದ ಬೀಜ ಬಿತ್ತನೆಯಾಗಿತ್ತು. ನಮ್ಮ ಜನ ಅದನ್ನು ವಿಲಾಯತಿ ಹತ್ತಿ ಎಂದು ಕರೆದು, ಜವಾರಿಯ ಪಕ್ಕದಲ್ಲಿಯೇ ಬೆಳೆಯುತ್ತಿದ್ದರು. ಹಿಂದೂಸ್ಥಾನದ ಬೇರೆಡೆ ಬಹುಮಟ್ಟಿಗೆ ಸೋತ ಆ ಪ್ರಯೋಗ ನಮ್ಮ ಎರೆಯಲ್ಲಿ ಬೇರೂರಿತ್ತು. 1860ರಲ್ಲಿ ಸ್ಥಾಪನೆಯಾದ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಕಾರವಾರದ ಬಳಿಯ ಸದಾಶಿವಗಡದಲ್ಲಿ ಬಂದರು ಬೇಕೆಂದು, ಅಲ್ಲಿಂದ ಧಾರವಾಡಕ್ಕೆ ರಸ್ತೆ ಬೇಕೆಂದು ಒತ್ತಡ ಹೇರಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಪ್ರಾಂತದಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಒತ್ತಡದ ಪಾಲು ದೊಡ್ಡದು. ಒಂದು ಜಿಲ್ಲೆಯ ಗಡಿಯನ್ನು ಹತ್ತಿಯ ಗಂಟು ಸರಿಸಿತೆಂದರೆ ಉತ್ಪ್ರೇಕ್ಷೆಯಲ್ಲ. ಆದರೆ ಕಂಪನಿಯ ಜನ ಯಂತ್ರಗಳೊಡನೆ ಬಂದಿಳಿದಾಗ ರಸ್ತೆ ಇನ್ನೂ ಮುಗಿದಿರಲಿಲ್ಲ. ಕಾಮಗಾರಿ ವಿಳಂಬವೆಂಬುದು ನಮ್ಮ ಕಾಲದ ಗುತ್ತಿಗೆದಾರರು ಕಂಡುಹಿಡಿದದ್ದಲ್ಲವೆಂದು ತಿಳಿದು ನನಗೆ ಸಮಾಧಾನವಾಯಿತು. ಕಂಪನಿ ಕೆಲವೇ ವರ್ಷಗಳಲ್ಲಿ ಬಾಗಿಲು ಹಾಕಿತು. ಹತ್ತಿ ಮಾತ್ರ ಕುಮಟಾದ ಹಳೆಯ ದಾರಿಯಲ್ಲಿಯೇ ಇಳಿಯುತ್ತಿತ್ತು.

ಯುದ್ಧದ ವರ್ಷಗಳಲ್ಲಿ ಬೆಲೆ ಹಲವು ಪಟ್ಟು ಏರಿತು. ನಾಗಪುರದ ಕಡೆ ರೈತರು ಗಾಡಿಯ ಗಾಲಿಗೆ ಬೆಳ್ಳಿಯ ಪಟ್ಟಿ ಬಡಿಸಿದರೆಂಬ ವರ್ಣನೆ ಅಂದಿನ ಬರಹಗಳಲ್ಲಿದೆ. ನಮ್ಮ ಕಡೆ ಬೆಳ್ಳಿಯ ಗಾಲಿ ಕಂಡವರಿಲ್ಲ. ನರಗುಂದದಲ್ಲಿ ಇನ್ನೂ 1858ರ ಗಾಯ ಹಸಿಯಾಗಿತ್ತು. ಬಾಬಾಸಾಹೇಬ ಭಾವೆ ಬಂಡೆದ್ದು, ಬ್ರಿಟಿಷರ ಏಜೆಂಟ್ ಮ್ಯಾನ್ಸನ್ ಹತನಾಗಿ, ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿ, ಸಂಸ್ಥಾನವನ್ನು ಮುಟ್ಟುಗೋಲು ಹಾಕಿಕೊಂಡು ನಾಲ್ಕೈದು ವರ್ಷವಷ್ಟೇ ಆಗಿತ್ತು. ಅಂಥ ಊರಿನ ಹೊಲಗಳಿಂದಲೇ ಮ್ಯಾಂಚೆಸ್ಟರಿಗೆ ಅರಳೆ ಹೋಗುತ್ತಿತ್ತು.

ಲಾಭ ಎಲ್ಲಿ ನಿಂತಿತೆಂಬುದನ್ನು ಅರಿಯಲು ಹೆಡ್ ಬಂದರಿನಲ್ಲಿ ಐದು ನಿಮಿಷ ನಿಂತರೆ ಸಾಕು. ಜೂನ್ ಬಂತೆಂದರೆ ಈ ತೆರೆದ ಕಡಲಿನಲ್ಲಿ ಯಾವ ಹಡಗೂ ನಿಲ್ಲುವಂತಿಲ್ಲ. ನಮ್ಮ ಎರೆಯಲ್ಲಿ ಹತ್ತಿ ಬಿತ್ತುವುದು ಹಿಂಗಾರಿಗೆ ಮುನ್ನ, ಆಗಸ್ಟ್–ಸೆಪ್ಟೆಂಬರಿನಲ್ಲಿ; ಬಿಡಿಸುವುದು ಫೆಬ್ರವರಿಯಿಂದ ಏಪ್ರಿಲ್ ತನಕ. ಅರಳೆ ಹಿಂಜಿ, ಗಂಟು ಕಟ್ಟಿ, ಗಾಡಿ ಹೂಡಿ ಕಡಲು ಮುಟ್ಟುವ ಹೊತ್ತಿಗೆ ಮುಂಗಾರು ಹತ್ತಿರ ಬಂದಿರುತ್ತದೆ. ಮಾರುವವನಿಗೆ ಕಾಯಲು ಸಮಯವಿಲ್ಲ. ಕೊಳ್ಳುವವನಿಗೆ ಅದು ಗೊತ್ತು. ಬೇಡಿಕೆ ಪೂರೈಕೆಯ ಯಾವ ರೇಖಾಚಿತ್ರವೂ ಇದಕ್ಕಿಂತ ಸ್ಪಷ್ಟವಾಗಿ ವಿವರಿಸಲಾರದು. ಬಹುಪಾಲು ರೈತರು ಇಷ್ಟು ದೂರ ಬರುತ್ತಲೂ ಇರಲಿಲ್ಲ. ಬಿತ್ತನೆಗೂ ಕಂದಾಯಕ್ಕೂ ಸಾಲ ಕೊಟ್ಟ ಸಾಹುಕಾರನಿಗೆ ಹೊಲದಲ್ಲಿರುವಾಗಲೇ ಬೆಳೆ ಬರೆದುಕೊಟ್ಟಿರುತ್ತಿದ್ದರು. ಗಾಡಿ ಹೊಡೆದವರಿಗೆ ಬಾಡಿಗೆ ಸಿಕ್ಕಿತು. ನಮ್ಮ ಮುತ್ತಜ್ಜನ ತಂದೆ ಅಂಥವರಲ್ಲಿ ಒಬ್ಬರಿರಬೇಕು. ಬೆಲೆ ಏರಿದಂತೆ ಕಲಬೆರಕೆಯೂ ಏರಿತು. ಜವಾರಿಯನ್ನು ವಿಲಾಯತಿಯೊಡನೆ ಬೆರೆಸುವುದು, ಬೀಜ ಮತ್ತು ಕಸ ಸೇರಿಸುವುದು, ನೀರು ಚಿಮುಕಿಸುವುದು. ಇದನ್ನು ತಡೆಯಲು ಮುಂಬಯಿ ಸರ್ಕಾರ 1863ರಲ್ಲಿ ಹತ್ತಿ ವಂಚನೆ ತಡೆ ಕಾಯಿದೆಯನ್ನೇ ತರಬೇಕಾಯಿತು. ಕಾಯಿದೆ ರೈತನ ಮೇಲೆ ಅನುಮಾನ ಪಟ್ಟಿತು. ತೂಕದ ಕಲ್ಲಿನ ಮೇಲೆ ಪಟ್ಟ ಅನುಮಾನ ಅಷ್ಟಕ್ಕಷ್ಟೆ.

1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಬಿತ್ತು, ಮುಂಬಯಿಯ ಷೇರು ಪೇಟೆಯ ಜೂಜು ನೆಲಕಚ್ಚಿತು. ನಮ್ಮಲ್ಲಿ ಹೆಚ್ಚಿದ್ದ ಹತ್ತಿಯ ಕ್ಷೇತ್ರ ಮತ್ತು ಹೆಚ್ಚಿದ್ದ ಸಾಲ ಎರಡೂ ಉಳಿದವು. ಹನ್ನೊಂದು ವರ್ಷಗಳ ಬಳಿಕ 1876–78ರ ಭೀಕರ ಬರ ಬಂತು. 1872ರ ಜನಗಣತಿಗೂ 1881ರ ಗಣತಿಗೂ ನಡುವೆ ಧಾರವಾಡ ಜಿಲ್ಲೆಯ ಜನಸಂಖ್ಯೆ ಒಂದು ಲಕ್ಷಕ್ಕೂ ಮಿಗಿಲಾಗಿ ಕುಸಿಯಿತೆಂದರೆ ಆ ಬರದ ಸ್ವರೂಪ ಊಹಿಸಬಹುದು. ಜಿಲ್ಲೆಗೆ ಆಗ ರೈಲು ಇರಲಿಲ್ಲ. ಇದ್ದ ಧಾನ್ಯವನ್ನು ಹಸಿದವರ ಬಳಿಗೆ ಒಯ್ಯಲು ಬೇಕಾದ ಎತ್ತುಗಳೇ ಮೇವಿಲ್ಲದೆ ಸತ್ತವು. ಆ ಅನುಭವದ ಫಲವಾಗಿ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಅದೇ ದಶಕದಲ್ಲಿ ಹುಬ್ಬಳ್ಳಿ, ಗದಗಗಳಿಗೆ ರೈಲು ಬಂತು. ರೋಣ ತಾಲ್ಲೂಕಿನ ಮಲ್ಲಾಪುರ, ಹೊಳೆಆಲೂರುಗಳ ಮೂಲಕ ಹೊಟಗಿಯ ಕಡೆಗೆ ಹಳಿ ಹೋಯಿತು. ಇತ್ತ ಲೋಂಡಾ, ಕ್ಯಾಸಲ್‌ರಾಕ್ ಮೂಲಕ ಮುರ್ಮುಗೋವಾ ಬಂದರಿಗೆ ದಾರಿ ತೆರೆಯಿತು. ಹತ್ತಿ ಗದಗದಲ್ಲಿ ರೈಲು ಹತ್ತಿತು. ಮುಂಗಾರಿನ ಹೆದರಿಕೆ ಇಲ್ಲ, ಕಾಲುಬೇನೆಯಿಲ್ಲ, ಘಟ್ಟವಿಲ್ಲ. ಕುಮಟಾದ ಹತ್ತಿ ವ್ಯಾಪಾರ ಕೆಲವೇ ವರ್ಷಗಳಲ್ಲಿ ಕಳಚಿಬಿತ್ತು. ಹೆಸರು ಮಾತ್ರ ಪೇಟೆಯಲ್ಲಿ ಬಹುಕಾಲ ಓಡಾಡಿಕೊಂಡಿತ್ತು.

ಇಷ್ಟನ್ನೂ ನಾನು ಹೇಳಿ ಮುಗಿಸುವ ಹೊತ್ತಿಗೆ ಮೊಮ್ಮಗ ಅಲೆಯತ್ತ ಓಡಿದ್ದ. ನಾನು ಕೂಗಿ ಕರೆದೆ. ನಮ್ಮ ಬಯಲುಸೀಮೆಯ ಮಕ್ಕಳು ಕೆರೆ ಬಲ್ಲರು, ಕಾಲುವೆ ಬಲ್ಲರು. ಕಾಲ ಕೆಳಗಿನ ಮರಳನ್ನೇ ಎಳೆದುಕೊಂಡು ಹೋಗುವ ನೀರನ್ನು ಅರಿಯರು. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದಲ್ಲಿ ಕಡಲ ಪಾಲಾದರು. ಪ್ರವಾಸಕ್ಕೆ ಅನುಮತಿ ನೀಡುವಾಗ ಬಸ್ಸಿನ ವಿಮೆ ನೋಡುವ ನಾವು, ಜೊತೆಗೆ ಈಜು ಬಲ್ಲವರು ಎಷ್ಟು ಮಂದಿ ಎಂದು ಕೇಳುವುದಿಲ್ಲ. ಬಲೆ ತುಂಬುತ್ತಿದ್ದ ಹಿರಿಯ ಮೀನುಗಾರರೊಬ್ಬರು ತಾವಾಗಿಯೇ ಎದ್ದು ಬಂದು, ಎಲ್ಲಿ ನಿಲ್ಲಬಹುದು, ಎಲ್ಲಿ ನಿಲ್ಲಬಾರದು ಎಂದು ಮಕ್ಕಳಿಗೆ ತೋರಿಸಿದರು. ಇಲ್ಲಿಂದ ಹತ್ತಿ ಹೋಗುತ್ತಿತ್ತಂತೆ, ಗೊತ್ತೇ ಎಂದು ಕೇಳಿದೆ. ಅವರು ನಕ್ಕು, ಹತ್ತಿ ಅಂಗಡಿಯಲ್ಲಿ ಸಿಗುತ್ತದೆ ಎಂದರು.

ಮಧ್ಯಾಹ್ನಕ್ಕೆ ಅಘನಾಶಿನಿಯ ಕಡೆಗೆ ಹೊರಳಿದೆವು. ಮಿರ್ಜಾನ್ ಕೋಟೆಯನ್ನು ಸುತ್ತಿ ನೋಡಿದೆವು. ಹತ್ತಿಗೂ ಮೊದಲು ಈ ತೀರದ ಭಾಗ್ಯವನ್ನು ನಿರ್ಧರಿಸಿದ್ದು ಕಾಳುಮೆಣಸು, ಅದರ ರಾಣಿಯೆಂದು ಪೋರ್ಚುಗೀಸರು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಇಲ್ಲಿ ಎಲ್ಲರ ಬಾಯಲ್ಲಿದೆ. ಅದು ಬೇರೆಯದೇ ಕಥೆ. ಬಳಿಕ ಸಾಣಿಕಟ್ಟಾದ ಉಪ್ಪಿನ ಗದ್ದೆಗಳ ಬಳಿ ನಿಂತು ರೊಟ್ಟಿಯ ಗಂಟು ಬಿಚ್ಚಿದೆವು. ಬೇಸಿಗೆಯಾದ್ದರಿಂದ ಗದ್ದೆಗಳಲ್ಲಿ ಉಪ್ಪು ಬಿಳಿಯ ದಿಬ್ಬಗಳಾಗಿ ನಿಂತಿತ್ತು. ಲಂಬಾಣಿಗರ ಎತ್ತುಗಳೂ ಮರಳುವ ಹತ್ತಿಯ ಗಾಡಿಗಳೂ ಘಟ್ಟದ ಮೇಲಕ್ಕೆ ಒಯ್ಯುತ್ತಿದ್ದ ಸರಕಿನಲ್ಲಿ ಈ ತೀರದ ಉಪ್ಪಿಗೆ ಮೊದಲ ಸ್ಥಾನ.

ಅಳಿವೆಯ ಅಗಲವಾದ ನೀರನ್ನು ನೋಡುತ್ತಾ ನಿಂತ ನನ್ನ ಮಡದಿ, ‘ಇಷ್ಟೂ ನೀರು ಸುಮ್ಮನೆ ಸಮುದ್ರಕ್ಕೆ ಹೋಗ್ತದಲ್ಲರೀ’ ಎಂದಳು. ಅವಳ ತವರು ನರಗುಂದ. ಮಲಪ್ರಭೆಯ ಕಾಲುವೆಯಲ್ಲಿ ನೀರು ಬರುವ ಮೊದಲೇ ಅಭಿವೃದ್ಧಿ ಕರ ಕೇಳಿದ ಸರ್ಕಾರದ ವಿರುದ್ಧ 1980ರ ಜುಲೈನಲ್ಲಿ ಎದ್ದ ಊರು. ಗೋಲಿಬಾರಿನಲ್ಲಿ ರೈತನನ್ನು ಕಳೆದುಕೊಂಡ ಊರು. ಮಹಾದಾಯಿಯ ನೀರಿಗಾಗಿ 2015ರಿಂದ ವರ್ಷಗಟ್ಟಲೆ ಧರಣಿ ಕುಳಿತ ಊರು. ನ್ಯಾಯಮಂಡಳಿ 2018ರ ಆಗಸ್ಟಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ಹಂಚಿದರೂ ಅದರ ಹನಿ ಮಲಪ್ರಭೆಗೆ ಇನ್ನೂ ಬಂದಿಲ್ಲ. ಅಂಥ ಊರಿನ ಹೆಣ್ಣುಮಗಳ ಬಾಯಲ್ಲಿ ಆ ಮಾತು ಬಂದದ್ದರಲ್ಲಿ ತಪ್ಪೇನಿದೆ? ನಾನೂ ಸೇವೆಯಲ್ಲಿದ್ದಾಗ ಎಷ್ಟೋ ಸಭೆಗಳಲ್ಲಿ ಆ ವಾಕ್ಯ ಕೇಳಿದ್ದೇನೆ.

ಆದರೆ ಅಲ್ಲಿಯೇ, ಅದೇ ನೀರಿನಲ್ಲಿ, ಸೊಂಟದ ಮಟ್ಟ ಇಳಿದು ಹೆಂಗಸರು ಬಳಚು ಆಯುತ್ತಿದ್ದರು. ಆಚೆಗೆ ಗಜನಿ ಭೂಮಿ ಇತ್ತು. ಉಪ್ಪುನೀರನ್ನೂ ನೆರೆಯನ್ನೂ ತಡೆದುಕೊಳ್ಳುವ ಕಗ್ಗ ಎಂಬ ಭತ್ತ ಬೆಳೆಯುವುದು ಅಲ್ಲಿ. ಸಿಹಿನೀರು ಮತ್ತು ಉಪ್ಪುನೀರು ಒಂದು ಹದದಲ್ಲಿ ಬೆರೆತರೆ ಮಾತ್ರ ಬಳಚೂ ಉಂಟು, ಸಿಗಡಿಯೂ ಉಂಟು, ಕಗ್ಗವೂ ಉಂಟು. ಮೇಲೆ ಅಣೆಕಟ್ಟು ಇಲ್ಲದ ಕಾರಣ ಅಘನಾಶಿನಿಯಲ್ಲಿ ಆ ಹದ ಉಳಿದಿದೆ. 2024ರ ಜನವರಿಯಲ್ಲಿ ಈ ಅಳಿವೆಯನ್ನು ರಾಮ್ಸರ್ ಪಟ್ಟಿಗೆ ಸೇರಿಸಲಾಯಿತು. ಅದೇ ದಿನ ಪಟ್ಟಿಗೆ ಸೇರಿದ ಇನ್ನೊಂದು ಜಾಗ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆ. ಚಳಿಗಾಲದಲ್ಲಿ ಪಟ್ಟೆತಲೆಯ ಬಾತುಗಳು ಹಿಮಾಲಯ ದಾಟಿ ಬಂದಿಳಿಯುವ ಆ ಕೆರೆಗೆ ನಾವು ಹೆಮ್ಮೆ ಪಡುತ್ತೇವೆ. ಈಗ ಬೇಡ್ತಿ–ವರದಾ ನದಿ ಜೋಡಣೆಯ ಮಾತು ಮತ್ತೆ ಕೇಳಿಬರುತ್ತಿದೆ. ಶಿರಸಿ, ಯಲ್ಲಾಪುರದ ಜನ ಬೀದಿಗಿಳಿದಿದ್ದಾರೆ. ಫಲಾನುಭವಿಗಳ ಪಟ್ಟಿಯಲ್ಲಿ ನಮ್ಮ ಗದಗ ಜಿಲ್ಲೆಯ ಹೆಸರಿದೆ. ನಾನು ನೀರು ಬೇಡವೆನ್ನುವ ಸ್ಥಿತಿಯಲ್ಲಿರುವ ತಾಲ್ಲೂಕಿನವನಲ್ಲ. ಆದರೆ ‘ಸುಮ್ಮನೆ’ ಎಂಬ ಆ ಒಂದು ಪದವನ್ನು ಯೋಜನಾ ವರದಿಗಳಿಂದ ತೆಗೆದುಹಾಕಿ, ಅಳಿವೆಯಲ್ಲಿ ಆ ನೀರಿನಿಂದ ಎಷ್ಟು ಮನೆ ನಡೆಯುತ್ತಿದೆ ಎಂಬ ಲೆಕ್ಕವನ್ನು ಖರ್ಚಿನ ಬದಿಯಲ್ಲಿ ಬರೆದ ಬಳಿಕ ಚರ್ಚೆ ಮುಂದುವರಿಯಲಿ. ಮಡದಿ ಬಳಚು ಆಯುವವರನ್ನು ಬಹಳ ಹೊತ್ತು ನೋಡಿದಳು. ದಿನಕ್ಕೆ ಎಷ್ಟು ಸಿಗುತ್ತದೆ, ಯಾರು ಕೊಳ್ಳುತ್ತಾರೆ ಎಂದು ಕೇಳಿಕೊಂಡು ಬಂದಳು. ಮತ್ತೆ ಆ ಮಾತು ಎತ್ತಲಿಲ್ಲ. ಒಪ್ಪಿದಳೆಂದು ಇದರ ಅರ್ಥವಲ್ಲ.

ಕುಮಟಾದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ದೃಶ್ಯ ಯಾವ ಪ್ರವಾಸಿ ಕೈಪಿಡಿಯಲ್ಲಿಯೂ ದೊಡ್ಡಕ್ಷರದಲ್ಲಿ ಇರಲಾರದು. ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ, ಅಳವೇಕೋಡಿ, ಹಂದಿಗೋಣದ ಬಳಿ, ಬೇಸಿಗೆಯ ತಿಂಗಳುಗಳಲ್ಲಿ ಈರುಳ್ಳಿಯ ಸಾಲು ಮಳಿಗೆಗಳು ಏಳುತ್ತವೆ. ಜಡೆಯಂತೆ ಹೆಣೆದ ಗೊಂಚಲುಗಳನ್ನು ಗಳುವಿಗೆ ನೇತುಹಾಕಿರುತ್ತಾರೆ. ಕುಮಟಾದ ಸಿಹಿ ಈರುಳ್ಳಿ. ಮರಳು ಮಿಶ್ರಿತ ಗದ್ದೆಗಳಲ್ಲಿ ಭತ್ತದ ಬಳಿಕ ಬೆಳೆಯುತ್ತಾರೆ. ಬೆಳೆದ ಮನೆಯವರೇ ರಸ್ತೆಗೆ ತಂದು ಮಾರುತ್ತಾರೆ. ಹಾದುಹೋಗುವ ಕಾರುಗಳೆಲ್ಲ ನಿಲ್ಲುತ್ತವೆ. ರೋಣ, ನರೇಗಲ್ಲ, ಗಜೇಂದ್ರಗಡದ ಕಡೆಯವರಿಗೆ ಈರುಳ್ಳಿಯೆಂದರೆ ಏನೆಂದು ಹೇಳಬೇಕಾಗಿಲ್ಲ. ನಮ್ಮಲ್ಲಿ ಅದು ಲಾರಿಗಟ್ಟಲೆ ಬೆಳೆಯುತ್ತದೆ, ಲಾರಿಗಟ್ಟಲೆ ಬೆಂಗಳೂರಿಗೆ ಹೋಗುತ್ತದೆ. ದರ ಬಿದ್ದ ವರ್ಷ ಲಾರಿ ಬಾಡಿಗೆಯೂ ಹುಟ್ಟದೆ ಬೆಳೆಯನ್ನು ಹೊಲದಲ್ಲಿಯೇ ರಂಟೆ ಹೊಡೆದು ಮುಚ್ಚುತ್ತೇವೆ. ನನ್ನ ತಮ್ಮ ಹೀಗೆ ಮುಚ್ಚಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಇಲ್ಲಿ ಒಬ್ಬ ಹೆಂಗಸು ಒಂದು ಗೊಂಚಲಿಗೆ ತಾನೇ ದರ ಹೇಳಿದಳು. ನನ್ನ ಮಗ ಚೌಕಾಶಿ ಮಾಡಿದ. ಆಕೆ ಒಂದು ಪೈಸೆಯನ್ನೂ ಇಳಿಸಲಿಲ್ಲ. ನೂರಾ ಅರವತ್ತು ವರ್ಷಗಳ ಹಿಂದೆ ಇದೇ ಊರಿನಲ್ಲಿ ಮಳೆಗೆ ಹೆದರಿ ಗಂಟು ಇಳಿಸುತ್ತಿದ್ದವರಿಗೆ ಆಕೆಯ ಆ ನಿರುಮ್ಮಳತೆ ಇದ್ದಿರಲಾರದು. ಪ್ರಮಾಣ ಚಿಕ್ಕದು, ನಿಜ. ಒಂದು ಸೀಮೆಯ ಹತ್ತಿಯನ್ನು ರಸ್ತೆ ಬದಿಯಲ್ಲಿ ಗಳುವಿಗೆ ನೇತುಹಾಕಿ ಮಾರಲಾಗದು. 1905ರಲ್ಲಿ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ಜಿಲ್ಲೆ ನಮ್ಮದು. ಕಾಯುವ ಶಕ್ತಿಯಿಲ್ಲದ ರೈತನಿಗೆ ಕಾಯುವ ಶಕ್ತಿ ಕೊಡುವುದೇ ಆ ಸಂಘದ ಮೂಲ ವಿಚಾರವಾಗಿತ್ತು. ಇಂದು ನಮ್ಮ ತಾಲ್ಲೂಕಿನಲ್ಲಿ ಸಾಲ ಕೊಡುವ ಸಂಘಗಳು ಎಷ್ಟೋ ಇವೆ, ಈರುಳ್ಳಿಯನ್ನು ಎರಡು ತಿಂಗಳು ಕಾಪಿಡುವ ಉಗ್ರಾಣ ಎಷ್ಟಿವೆ?

ಮರಳುವಾಗ ಅಂಕೋಲಾ, ಯಲ್ಲಾಪುರ ಮಾರ್ಗ ಹಿಡಿದೆವು. ಅರಬೈಲ್ ಘಟ್ಟದಲ್ಲಿ ಲಾರಿಗಳ ಸಾಲಿನ ಹಿಂದೆ ಬಹಳ ಹೊತ್ತು ತೆವಳಬೇಕಾಯಿತು. ಈ ಹೆದ್ದಾರಿಯ ಇನ್ನೊಂದು ಕಥೆ ನಮ್ಮ ಕಣ್ಣೆದುರಿನದು. 2003ರ ಬಳಿಕ ಚೀನಾದ ಉಕ್ಕಿನ ಹಸಿವು ಏರಿ ಅದಿರಿನ ಬೆಲೆ ಗಗನಕ್ಕೆ ಹೋದಾಗ, ಬಳ್ಳಾರಿ–ಸಂಡೂರಿನ ಅದಿರು ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ ಇದೇ ಘಟ್ಟ ಇಳಿದು ಬೇಲೆಕೇರಿ ಬಂದರಿಗೆ ಹೋಯಿತು. ಗದಗಿನವರು ಕೆಂಪು ಧೂಳು ಉಂಡರು, ರಸ್ತೆ ಹಳ್ಳವಾಯಿತು, ಅಪಘಾತಗಳು ಲೆಕ್ಕ ತಪ್ಪಿದವು. 2010ರಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತು ನಿಷೇಧಿಸಿತು. ಬೇಲೆಕೇರಿಯಲ್ಲಿ ಮುಟ್ಟುಗೋಲು ಹಾಕಿಕೊಂಡ ಅದಿರೇ ಕಾಣೆಯಾದದ್ದು, 2011ರ ಲೋಕಾಯುಕ್ತ ವರದಿ ಬಂದದ್ದು ಎಲ್ಲರಿಗೂ ನೆನಪಿದೆ. ಅಂದು ಅಮೆರಿಕದ ಯುದ್ಧ, ಇಂದು ಚೀನಾದ ಕಟ್ಟಡ. ಎರಡು ಸಲವೂ ದೂರದ ಬೇಡಿಕೆ ನಮ್ಮ ದಾರಿಯಲ್ಲಿ ಕೆಲವು ವರ್ಷ ಓಡಿತು, ದಾರಿಯ ಊರುಗಳಲ್ಲಿ ಏನನ್ನೂ ಕಟ್ಟದೆ ನಿಂತುಹೋಯಿತು.

ಈಗ ಮೂರನೆಯ ಸುತ್ತಿನ ಸಿದ್ಧತೆ ನಡೆದಿದೆ. ಅಂಕೋಲಾದ ಕೇಣಿಯಲ್ಲಿ ಹೊಸ ಬಂದರಿಗೆ 2023ರಲ್ಲಿ ಖಾಸಗಿ ಸಂಸ್ಥೆಯನ್ನು ಆರಿಸಲಾಗಿದೆ. 2025ರಲ್ಲಿ ಅಲ್ಲಿನ ಮೀನುಗಾರರು ದಂಡೆ ಬಿಡಲಾರೆವೆಂದು ಪ್ರತಿಭಟಿಸಿದರು. ಹೊನ್ನಾವರದ ಕಾಸರಕೋಡಿನಲ್ಲಿಯೂ ಅದೇ ಪ್ರತಿರೋಧ. ಶಿರಸಿ–ಕುಮಟಾ ರಸ್ತೆಯ ಅಗಲೀಕರಣವೂ ಬಂದರಿಗೆ ಒಳನಾಡನ್ನು ಜೋಡಿಸುವ ಯೋಜನೆಯದೇ ಭಾಗ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗಕ್ಕೆ 2000ದಲ್ಲಿ ಪ್ರಧಾನಿ ವಾಜಪೇಯಿ ಅವರಿಂದ ಶಂಕುಸ್ಥಾಪನೆಯಾಯಿತು. ಕಾಡು, ಹುಲಿ, ನ್ಯಾಯಾಲಯ, ಮರುಸಮೀಕ್ಷೆ ಎಂದು ಕಾಲು ಶತಮಾನ ಕಳೆದರೂ ಘಟ್ಟದಲ್ಲಿ ಒಂದು ಹಳಿ ಬಿದ್ದಿಲ್ಲ. ಇಂದಿಗೂ ಗದಗದಿಂದ ಕುಮಟಾಕ್ಕೆ ರೈಲಿನಲ್ಲಿ ಹೋಗಬೇಕಾದರೆ ಗೋವಾ ಸುತ್ತಿ ಬರಬೇಕು. ಈ ಮಾರ್ಗಕ್ಕಾಗಿ ನಮ್ಮ ಜಿಲ್ಲೆಗಳಲ್ಲಿ ನಡೆಯುವ ಹೋರಾಟಗಳ ವೇದಿಕೆಗೆ ನನ್ನನ್ನೂ ಕರೆಯುತ್ತಾರೆ. ಒಳನಾಡಿಗೆ ಕಡಲಿನ ದಾರಿ ಬೇಕೆಂಬುದರಲ್ಲಿ ನನಗೆ ಸಂಶಯವಿಲ್ಲ. 1876ರಲ್ಲಿ ದಾರಿಯಿಲ್ಲದೆ ಸತ್ತವರ ಸಂಖ್ಯೆ ಬಲ್ಲವನು ಬೇರೆ ಮಾತಾಡಲಾರ. ಆದರೆ ವೇದಿಕೆಯಲ್ಲಿ ‘ಉತ್ತರ ಕರ್ನಾಟಕದ ಅಭಿವೃದ್ಧಿ’ ಎಂದು ಘೋಷಿಸುವವರಿಗೆ ನಾನು ಕೇಳುವುದು ಬೇರೆ: ಆ ಗಾಡಿಯಲ್ಲಿ ಹೋಗುವ ಸರಕು ಏನು? ಅದಿರು ಮತ್ತು ಕಲ್ಲಿದ್ದಲು ಮಾತ್ರವೇ ಆಗಿದ್ದರೆ, ಹಳಿ ಹಾಯುವ ಕಾಡಿಗೂ, ದಂಡೆ ಕಳೆದುಕೊಳ್ಳುವ ಮೀನುಗಾರನಿಗೂ ನಷ್ಟ. ಧೂಳು ರಸ್ತೆಯಿಂದ ಹಳಿಗೆ ಸರಿಯುತ್ತದೆ ಎಂಬುದಷ್ಟೇ ನಮಗೆ ಲಾಭ.

ಘಟ್ಟ ಏರುತ್ತಿರುವಾಗ ಮೊಮ್ಮಗಳು ಕೇಳಿದಳು: ‘ಅಜ್ಜಾ, ಈಗ ನಮ್ಮ ಹತ್ತಿ ಎಲ್ಲಿಗೆ ಹೋಗ್ತದ?’ ನನ್ನ ಮಗನೇ ಉತ್ತರ ಕೊಟ್ಟ, ಅವನಿಗೆ ಗೊತ್ತಿರುವಷ್ಟನ್ನು. ಜವಾರಿ ಹತ್ತಿ, ಅಂದರೆ ಆ ಕುಮಟಾ ಜಾತಿಯದು, ನಮ್ಮ ಹೊಲದಲ್ಲಿ ಈಗ ಇಲ್ಲ. ಅದರ ಸುಧಾರಿತ ತಳಿಯಾದ ಜಯಧರವನ್ನು ಅಜ್ಜನ ತಂದೆ ಬೆಳೆಯುತ್ತಿದ್ದರು. ಧಾರವಾಡದಲ್ಲಿಯೇ ರೂಪುಗೊಂಡ ವರಲಕ್ಷ್ಮಿ ಎಂಬ ಸಂಕರ ತಳಿ 1972ರಲ್ಲಿ ಬಂತು, ಬಳಿಕ ಜಯಲಕ್ಷ್ಮಿ ಬಂತು. 2002ರಲ್ಲಿ ಬಿ.ಟಿ. ಹತ್ತಿಗೆ ಅನುಮತಿ ಸಿಕ್ಕ ಮೇಲೆ ಬೀಜವನ್ನು ಪ್ರತಿ ವರ್ಷ ಪೊಟ್ಟಣದಲ್ಲಿ ಕೊಳ್ಳುವುದೇ ಆಯಿತು. ಅರಳೆ ಹೊರರಾಜ್ಯದ ಗಿರಣಿಗಳಿಗೆ ಹೋಗುತ್ತದೆ. ಗಜೇಂದ್ರಗಡದ ಕೈಮಗ್ಗದ ನೇಕಾರರು ಪಟ್ಟೇದ ಅಂಚಿನ ಸೀರೆಗೆ ನೂಲನ್ನು ಹೊರಗಿನಿಂದ ತರಿಸಿಕೊಳ್ಳುತ್ತಾರೆ. ‘ಅಂದರೆ ನಮ್ಮ ಹತ್ತಿ ಹೊರಗ ಹೋಗಿ, ನೂಲು ಹೊರಗಿಂದ ಬರ್ತದ?’ ಎಂದಳು ಅವಳು. ಮಗ ಹೌದೆಂದ.

ಹುಬ್ಬಳ್ಳಿ–ಅಂಕೋಲಾ ಮಾರ್ಗದ ಯೋಜನಾ ವರದಿಯನ್ನು ಇನ್ನೊಮ್ಮೆ ಪರಿಷ್ಕರಿಸುವುದಾದರೆ, ಸಂಬಂಧಪಟ್ಟವರು ಅದಕ್ಕೆ ಒಂದು ಅನುಬಂಧ ಸೇರಿಸಲಿ. ರೋಣ, ನರಗುಂದ, ಗಜೇಂದ್ರಗಡ, ನವಲಗುಂದ, ಗದಗ, ಈ ಐದು ತಾಲ್ಲೂಕುಗಳಿಂದ ಯಾವ ಸರಕು, ಯಾವ ತಿಂಗಳಲ್ಲಿ, ಎಷ್ಟು ಟನ್ ಆ ಗಾಡಿ ಹತ್ತುತ್ತದೆ. ಮಲ್ಲಾಪುರ, ಹೊಳೆಆಲೂರು ನಿಲ್ದಾಣಗಳಲ್ಲಿ ಉಗ್ರಾಣ ಮತ್ತು ಶೀತಲಗೃಹಕ್ಕೆ ಎಷ್ಟು ಹಣ ಇಡಲಾಗಿದೆ. ನೂಲಿನ ಗಿರಣಿಗೆ ಎಷ್ಟು. ಉತ್ತರ ಕನ್ನಡದ ಬದಿಯಲ್ಲಿ ಅದೇ ರೀತಿ ದಂಡೆಯ ಮನೆಗಳ, ಬಳಚಿನ, ಬಲೆಯ ಲೆಕ್ಕ ಇರಲಿ. ಎರಡೂ ಪಟ್ಟಿಗಳನ್ನು ಕನ್ನಡದಲ್ಲಿ ಮುದ್ರಿಸಿ ರೋಣದ ತಹಶೀಲ್ದಾರ್ ಕಚೇರಿಯ ಫಲಕದಲ್ಲಿಯೂ ಕುಮಟಾದ ತಹಶೀಲ್ದಾರ್ ಕಚೇರಿಯ ಫಲಕದಲ್ಲಿಯೂ ಒಂದೇ ದಿನ ಅಂಟಿಸಲಿ. ಆಕ್ಷೇಪಣೆಗೆ ಮೂವತ್ತು ದಿನ ಸಾಲದು; ಸುಗ್ಗಿ ಮುಗಿಯುವ ತನಕ ಅವಕಾಶ ಕೊಡಲಿ.